ಕಲ್ಯಾಣದ ಕವಿ ಸಿಗುವುದು ಜೈಸಲ್ಮೇರಿನಲ್ಲಿ

ಬಸವಕಲ್ಯಾಣದಲ್ಲಾಗಲಿ ಹುಮನಾಬಾದಿನಲ್ಲಾಗಲಿ ಸಾಹಿತಿಯನ್ನು ಗುರುತಿಸುವುದು ಕಷ್ಟದ ಕೆಲಸವಲ್ಲ. ಹೆಗಲ ಮೇಲೆ ಶಾಲು, ಕೈಯಲ್ಲಿ ಸ್ಮರಣಿಕೆ, ಬಗಲಲ್ಲಿ ಮಾರಾಟವಾಗದೆ ವಾಪಸು ಹೊರಟ ಪುಸ್ತಕದ ಕಟ್ಟು. ಮೂರರಲ್ಲಿ ಎರಡು ಕಂಡರೆ ಲೇಖಕರು. ಮೂರೂ ಕಂಡರೆ ಹಿರಿಯ ಲೇಖಕರು. ಶಾಲು, ಸ್ಮರಣಿಕೆ ಇದ್ದು ಪುಸ್ತಕದ ಕಟ್ಟು ಮಾತ್ರ ಕಾಣದಿದ್ದರೆ ಅವರು ಸ್ವಾಗತ ಸಮಿತಿಯವರು.

ಹೊರಗಿನವರಾರಾದರೂ ಬಂದು "ನಿಮ್ಮೂರಲ್ಲಿ ಬರೆಯುವವರು ಯಾರ್ಯಾರಿದ್ದಾರೆ?" ಎಂದು ಕೇಳಿದರೆ ಪುಸ್ತಕದಂಗಡಿಯ ದಾರಿ ತೋರಿಸುವ ಧೈರ್ಯ ನಮಗಿಲ್ಲ. ಅಲ್ಲಿ ಸಿಗುವುದು ಎಸ್ಸೆಸ್ಸೆಲ್ಸಿ ಗೈಡು, ಪೊಲೀಸ್ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆ, ರಟ್ಟಿನ ನೋಟುಬುಕ್ಕು. ಊರಿನ ಕವಿಯ ಸಂಕಲನ ಕೊಡಿ ಎಂದರೆ ಅಂಗಡಿಯವ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾನೆ. ಆದ್ದರಿಂದ ನಮ್ಮ ಉತ್ತರ ಒಂದೇ: "ಜರಾ ತಡೀರಿ ಸರ್, ಸಮ್ಮೇಳನ ಬರಲತ್ತದ. ಅಲ್ಲಿ ಎಲ್ಲಾರೂ ಒಂದೇ ಕಡಿ ಸಿಗ್ತಾರ." ಸಿಗುತ್ತಾರೆ, ಸುಳ್ಳಲ್ಲ. ಸಿಕ್ಕವರನ್ನು ಓದಬೇಕೆಂದು ಮಾತ್ರ ಯಾರೂ ಹೇಳುವುದಿಲ್ಲ.

ಮುಂದಿನದು ಇಂಥದೇ ಸಮ್ಮೇಳನದ ವರದಿಯೆಂದು ಯಾರೂ ಮೈಮೇಲೆ ಎಳೆದುಕೊಳ್ಳಬೇಕಾಗಿಲ್ಲ. ತಾಲ್ಲೂಕು ಸಮ್ಮೇಳನಗಳದೆಲ್ಲ ಆಹ್ವಾನ ಪತ್ರಿಕೆ ಒಂದೇ. ತಾರೀಖು ಬದಲಾಗುತ್ತದೆ, ಚುನಾವಣೆ ಮುಗಿದಾಗ ಶಾಸಕರ ಹೆಸರು ಬದಲಾಗುತ್ತದೆ. ಮೊದಲ ಪುಟ ಘನ ಉಪಸ್ಥಿತಿಗೆ, ಎರಡನೆಯದು ಗೌರವ ಉಪಸ್ಥಿತಿಗೆ, ಮೂರನೆಯದು ವಿಶೇಷ ಆಹ್ವಾನಿತರಿಗೆ. ಇಷ್ಟರಲ್ಲಿ ಕಾಗದ ಮುಗಿದಿರುತ್ತದೆ. ಊರಿನ ಬರಹಗಾರ ಎಲ್ಲಿದ್ದಾನೆಂದು ಭೂತಗನ್ನಡಿ ಹಿಡಿದು ಹುಡುಕಿದರೆ ಕೊನೆಯ ಪುಟದ ತಳದಲ್ಲಿ, ಶಾಮಿಯಾನದವರ ಜಾಹೀರಾತಿನ ಮೇಲೆ, ಕವಿಗೋಷ್ಠಿಯ ಪಟ್ಟಿಯಲ್ಲಿ ಸಿಕ್ಕುತ್ತಾನೆ. ಇನಿಷಿಯಲ್ಲು ತಪ್ಪಾಗಿರುತ್ತದೆ.

ಬೆಳಿಗ್ಗೆ ಎಂಟಕ್ಕೆ ರಾಷ್ಟ್ರಧ್ವಜ, ಕನ್ನಡ ಸಾಹಿತ್ಯ ಪರಿಷತ್ತಿನ ಧ್ವಜ, ನಾಡಧ್ವಜ. ಎಂಟೂವರೆಗೆ ಎಂದು ಅಚ್ಚಾದ ಮೆರವಣಿಗೆ ಹತ್ತೂವರೆಗೆ ಹೊರಡುತ್ತದೆ. ಮುಂದೆ ಹಲಗಿ, ಲೇಜೀಮು, ಕುಂಭ ಹೊತ್ತ ಹೆಣ್ಣುಮಕ್ಕಳು. ನಡುವೆ ಭುವನೇಶ್ವರಿಯ ಭಾವಚಿತ್ರ. ಹಿಂದಿನ ಸಾರೋಟಿನಲ್ಲಿ ಪೇಟ ಸುತ್ತಿಕೊಂಡು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ಸಮ್ಮೇಳನಾಧ್ಯಕ್ಷರು. ಊರೆಲ್ಲ ಬಾಗಿಲಿಗೆ ಬಂದು ನೋಡುತ್ತದೆ.

"ಇವ್ರು ಯಾರ್ರಿ?"

"ದೊಡ್ಡ ಸಾಹಿತಿ ಹಾರ್ರಿ."

"ಎಲ್ಲಿಯವ್ರು?"

"ಅಯ್ಯ, ನಮ್ಮ ಹಿಂದಿನ ಓಣ್ಯಾಗೇ ಹಾರಲ್ರಿ!"

ಹಿಂದಿನ ಓಣಿಯ ಮನುಷ್ಯ ದೊಡ್ಡವನೆಂದು ತಿಳಿಯಲು ನಮಗೆ ಸಾರೋಟು ಬೇಕು. ಮರುದಿನ ಅದೇ ಮನುಷ್ಯ ಅದೇ ಓಣಿಯಲ್ಲಿ ಹಾಲಿನ ಪಾಕೀಟು ಹಿಡಿದು ಹೊರಟಾಗ ಮತ್ತೆ ರಿಟೈರ್ ಆದ ಮಾಸ್ತರ.

ಸಭಾಂಗಣದ ಬಾಗಿಲಿಗೆ ಮಹಾದ್ವಾರ, ಅದರ ಮೇಲೆ ತೀರಿಕೊಂಡ ಸಾಹಿತಿಯೊಬ್ಬರ ಹೆಸರು. ದ್ವಾರಕ್ಕೆ ಹೆಸರಿಡಲು ಅವರನ್ನು ಓದಬೇಕೆಂಬ ನಿಯಮವಿಲ್ಲ; ತೀರಿಕೊಂಡಿರುವುದು ಖಾತ್ರಿಯಾದರೆ ಸಾಕು. ಒಳಗೆ ವೇದಿಕೆಯ ಮೇಲಿನವರ ಸಂಖ್ಯೆ ಕೆಳಗಿನವರ ಸಂಖ್ಯೆಯೊಂದಿಗೆ ಪೈಪೋಟಿಗೆ ಬಿದ್ದಿರುತ್ತದೆ. ಉದ್ಘಾಟಕರು "ನಾನು ಸಾಹಿತಿಯಲ್ಲ" ಎಂದು ಶುರುಮಾಡಿ, ಮುಂದಿನ ನಲವತ್ತು ನಿಮಿಷ ಅದಕ್ಕೆ ಪುರಾವೆ ಒದಗಿಸುತ್ತಾರೆ. ಸನ್ಮಾನಗಳಾಗುತ್ತವೆ. ಹಾಕಿದ ಹಾರ ಫೋಟೋ ಸರಿಬರಲಿಲ್ಲವೆಂದು ತೆಗೆದು ಮತ್ತೆ ಹಾಕಲಾಗುತ್ತದೆ. ಊಟಕ್ಕೆ ಹುಗ್ಗಿ ಇದೆಯೆಂಬ ಸುದ್ದಿ ಮೈಕಿಗಿಂತ ಮೊದಲು ಸಭೆಯ ಕೊನೆಯ ಸಾಲು ಮುಟ್ಟಿರುತ್ತದೆ. ಶಾಸಕರು ಹೋದರೆಂದು ಅವರ ಹಿಂದೆ ಅರ್ಧ ಸಭೆ ಹೋಗುತ್ತದೆ. ಹುಗ್ಗಿ ಬಂತೆಂದು ಉಳಿದರ್ಧ. ಆಮೇಲೆ, ಬರಹಗಾರರನ್ನು ಊರಿಗೆ ಪರಿಚಯಿಸಲೆಂದೇ ಇಟ್ಟ ಕವಿಗೋಷ್ಠಿ. ಸಮಯದ ಅಭಾವದಿಂದ ತಲೆಗೆ ಮೂರು ನಿಮಿಷ.

"ಕವಿಗೋಳು ಎಷ್ಟು ಮಂದಿ ಹಾರ್ರಿ?" ಎಂದು ಬೆಂಗಳೂರಿನ ಅತಿಥಿ ಕೇಳುತ್ತಾರೆ, ಎರಡು ದಿನದಲ್ಲಿ ಅವರಿಗೂ ಇಲ್ಲಿಯ ಮಾತು ಅಂಟಿದೆ.

"ನಲವತ್ತು ಮಂದಿ ಹಾರ್ರಿ ಸರ್."

"ಕೇಳೋರು?"

"ಅವ್ರೇ ಹಾರಲ್ರಿ! ಮತ್ತ್ಯಾರು ಬೇಕು?"

ಲೆಕ್ಕ ಬರೋಬ್ಬರಿ ಇದೆ. ನಲವತ್ತು ಕವಿಗಳು, ಪ್ರತಿಯೊಬ್ಬರಿಗೂ ಮೂವತ್ತೊಂಬತ್ತು ಶ್ರೋತೃಗಳು. ಓದಿ ಮುಗಿಸಿದವರು ಪ್ರಮಾಣಪತ್ರ ಇಸಕೊಂಡು ಕೊನೆಯ ಬಸ್ಸಿಗೆ ಓಡುವುದರಿಂದ ಈ ಸಂಖ್ಯೆ ಇಳಿಯುತ್ತ ಹೋಗುತ್ತದೆ. ನಲವತ್ತನೆಯ ಕವಿ ಶಾಮಿಯಾನ ಬಿಚ್ಚುವವರಿಗೆ ಓದುತ್ತಾನೆ. ಅವರು ಕೆಲಸ ಮಾಡುತ್ತಲೇ ಕೇಳುತ್ತಾರೆ. ದಿನವಿಡೀ ಆ ಸಭೆಯಲ್ಲಿ ಕೇಳಿದವರು ಬಹುಶಃ ಅವರೇ.

ಇಂಥ ಸಮ್ಮೇಳನಗಳು ಕಡಿಮೆಯಾಗುವ ಲಕ್ಷಣವಿಲ್ಲ. ಹುಮನಾಬಾದಿನಿಂದ ಚಿಟಗುಪ್ಪ ಬೇರೆಯಾಗಿ ತಾಲ್ಲೂಕಾಯಿತು, ಬಸವಕಲ್ಯಾಣದಿಂದ ಹುಲಸೂರು ಬೇರೆಯಾಯಿತು. ಹೊಸ ತಾಲ್ಲೂಕು ಎಂದರೆ ಹೊಸ ಘಟಕ, ಹೊಸ ಪದಾಧಿಕಾರಿಗಳು, ಹೊಸ ಸಮ್ಮೇಳನ, ಹೊಸ ಅಧ್ಯಕ್ಷರು, ಹೊಸ ಸಾರೋಟು. ಕನ್ನಡ ಸಾಹಿತ್ಯದ ಬೆಳವಣಿಗೆ ಕಂದಾಯ ಇಲಾಖೆಯ ಕೈಯಲ್ಲಿದೆಯೆಂಬುದು ವಿಮರ್ಶಕರಿಗೆ ಇನ್ನೂ ಹೊಳೆದಿಲ್ಲ.

ರಾಜ್ಯ ಮಟ್ಟದಲ್ಲೂ ನಮ್ಮನ್ನು ಆಗಾಗ ಪತ್ತೆಹಚ್ಚುತ್ತಾರೆ. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮ ಜಿಲ್ಲಾ ಕೇಂದ್ರ ಬೀದರಿಗೆ ಬಂದದ್ದು ಮೂರು ಸಲ: 1960ರಲ್ಲಿ, 1985ರಲ್ಲಿ, 2006ರಲ್ಲಿ. ಅಧ್ಯಕ್ಷರು ಕ್ರಮವಾಗಿ ಡಿ.ಎಲ್. ನರಸಿಂಹಾಚಾರ್, ಹಾ.ಮಾ. ನಾಯಕ, ಶಾಂತರಸ. ಮೂವರ ಯೋಗ್ಯತೆಯ ಬಗ್ಗೆ ಎರಡು ಮಾತಿಲ್ಲ; ಮೂವರಲ್ಲಿ ಒಬ್ಬರೂ ಬೀದರ್ ಜಿಲ್ಲೆಯವರಲ್ಲ, ಅಷ್ಟೆ. ಸೊಲ್ಲಾಪುರದಲ್ಲಿ ಹುಟ್ಟಿ, ಮರಾಠಿಯಲ್ಲಿ ಓದಿ, ಕನ್ನಡವನ್ನು ತಾವೇ ಕಲಿತು, ಸಿದ್ಧರಾಮನ ಪುರಾಣವನ್ನು ತ್ರಿಪದಿಯಲ್ಲಿ ಬರೆದು, ಕೊನೆಗಾಲಕ್ಕೆ ಬಸವಕಲ್ಯಾಣದಲ್ಲಿ ನೆಲೆಸಿದ ಜಯದೇವಿತಾಯಿ ಲಿಗಾಡೆಯವರಿಗೆ ಆ ಕುರ್ಚಿ ಸಿಕ್ಕದ್ದು 1974ರಲ್ಲಿ, ದೂರದ ಮಂಡ್ಯದಲ್ಲಿ. 1915ರಲ್ಲಿ ಶುರುವಾದ ಪರಿಷತ್ತಿಗೆ ಮೊದಲ ಮಹಿಳಾ ಸಮ್ಮೇಳನಾಧ್ಯಕ್ಷೆಯನ್ನು ಕಂಡುಹಿಡಿಯಲು 48ನೆಯ ಸಮ್ಮೇಳನದವರೆಗೆ ಬೇಕಾಯಿತು. ಎರಡನೆಯವರಾದ ಶಾಂತಾದೇವಿ ಮಾಳವಾಡರನ್ನು ಕಂಡುಹಿಡಿಯಲು 2000ನೆಯ ಇಸವಿ ಬಂತು. ಈಗ ತಾಯಿಯವರ ಹೆಸರು ಭಾಷಣಗಳಲ್ಲಿ ಭಕ್ತಿಯಿಂದ ಬರುತ್ತದೆ. ಪುರಾಣದ ಪ್ರತಿ ನಿಮ್ಮಲ್ಲಿದೆಯೇ ಎಂದು ಭಾಷಣಕಾರರನ್ನು ಕೇಳಿ ನೋಡಿ. ಅವರು ಗಡಿಯಾರ ನೋಡಿಕೊಳ್ಳುತ್ತಾರೆ.

ಇದೆಲ್ಲ ಈಗಿನವರ ಕೆಡುಕು ಎಂದು ಹೇಳಿದರೆ ಇತಿಹಾಸಕ್ಕೆ ಅನ್ಯಾಯವಾದೀತು. ನಮ್ಮದು ಹಳೆಯ ಚಟ, ಹತ್ತಿರಹತ್ತಿರ ಒಂಬೈನೂರೈವತ್ತು ವರ್ಷದ್ದು.

ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಗೆ ಹೋಗಿ. ಅಲ್ಲಿಯ ಚಾಲುಕ್ಯರ ಕಾಲದ ದೇವಾಲಯದ ಹೊರಗೋಡೆಯ ಮೇಲೆ ಒಬ್ಬ ಸುಂದರಿ ನಿಂತು ಬರೆಯುತ್ತಿದ್ದಾಳೆ. ಶಾಸನ ಸುಂದರಿ ಎಂದು ಆಕೆಗೆ ಹೆಸರು. ಬರೆಯುವ ಕೈ, ಬರೆದ ಅಕ್ಷರ ಎರಡೂ ಒಂದೇ ಕಲ್ಲಿನಲ್ಲಿವೆ; ಕಣ್ಣಿಗೆ ಕಾಣುವ ಲೇಖಕರಲ್ಲಿ ನಮ್ಮ ಸೀಮೆಗೆ ಈಕೆಯೇ ಹಿರಿಯಳು. ಏನು ಬರೆಯುತ್ತಿದ್ದಾಳೆ? ಚಾಲುಕ್ಯ ವಿಕ್ರಮಾದಿತ್ಯನ ಹೊಗಳಿಕೆ, ಸಂಸ್ಕೃತದಲ್ಲಿ. ನಮ್ಮ ತಾಲ್ಲೂಕಿನ ಮೊದಲ ಅಭಿನಂದನ ಗ್ರಂಥ ಹೀಗೆ ಗೋಡೆಯ ಮೇಲೆ ಪ್ರಕಟವಾಯಿತು. ಬರೆದವಳಿಗೆ ಗೌರವಧನ ಇನ್ನೂ ಬಂದಿಲ್ಲ. ಇವತ್ತಿಗೂ ಬಿಸಿಲಲ್ಲೇ ನಿಂತಿದ್ದಾಳೆ.

ಅದೇ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದು, ಹಳೆಯ ಶಕೆ ಸಾಲದೆಂದು ತನ್ನದೇ ಹೆಸರಿನ ಶಕೆ ಆರಂಭಿಸಿದವನು. ಅವನ ಕಲ್ಯಾಣಕ್ಕೆ, ಅಂದರೆ ನಮ್ಮ ಬಸವಕಲ್ಯಾಣಕ್ಕೆ, ಕಾಶ್ಮೀರದಿಂದ ಬಿಲ್ಹಣನೆಂಬ ಕವಿ ಬಂದ. ಹೊರಗಿನ ಮುಖ್ಯ ಅತಿಥಿಯ ಸಂಪ್ರದಾಯ ಅಲ್ಲಿಂದ ಶುರು. ರಾಜ ಅವನಿಗೆ ವಿದ್ಯಾಪತಿ ಎಂಬ ಪದವಿ ಕೊಟ್ಟು, ಕೊಡೆ ಹಿಡಿಸಿ, ಆನೆಯ ಮೇಲೆ ಕೂರಿಸಿದ. ಸಾರೋಟಿನ ಸಂಪ್ರದಾಯವೂ ಅಲ್ಲಿಂದಲೇ. ಬಿಲ್ಹಣ ಋಣ ತೀರಿಸಲು 'ವಿಕ್ರಮಾಂಕದೇವಚರಿತ' ಬರೆದ: 18 ಸರ್ಗ, ಕೊನೆಯ ಸರ್ಗ ತನ್ನ ಊರು ಮತ್ತು ತನ್ನ ಬಗ್ಗೆ. ಸನ್ಮಾನಕ್ಕೆ ಉತ್ತರ ಹೇಳುವಾಗ ತಮ್ಮ ಜೀವನಚರಿತ್ರೆ ಹೇಳಿಕೊಳ್ಳುವವರನ್ನು ಕಂಡು ಇನ್ನು ಮುಂದೆ ನಗಬೇಡಿ. ಅವರದು ಮಹಾಕವಿಯ ದಾರಿ. ಇಷ್ಟೆಲ್ಲ ಆದ ಮೇಲೆ, ಅತ್ತ ಕಾಶ್ಮೀರದಲ್ಲಿ ಹರ್ಷರಾಜ ಕವಿಗಳಿಗೆ ಇನ್ನೂ ಚೆನ್ನಾಗಿ ಕೊಡುತ್ತಾನೆಂಬ ಸುದ್ದಿ ಕಿವಿಗೆ ಬಿದ್ದು ಕಲ್ಯಾಣದ ವೈಭವವೆಲ್ಲ ಅವನಿಗೆ ಸಪ್ಪೆ ಎನಿಸಿತೆಂದು ಕಲ್ಹಣ 'ರಾಜತರಂಗಿಣಿ'ಯಲ್ಲಿ ಬರೆದಿದ್ದಾನೆ. ಪಕ್ಕದ ಜಿಲ್ಲೆಯ ಸಮ್ಮೇಳನದಲ್ಲಿ ರೇಷ್ಮೆ ಶಾಲು ಕೊಟ್ಟರಂತೆ ಎಂದು ಕೇಳಿ ನಿದ್ದೆಗೆಡುವ ನಮ್ಮ ಗೆಳೆಯರ ಕುಲಗುರು ಇವನೇ.

ಅದೇ ಆಸ್ಥಾನದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಎಂಬ ವ್ಯಾಖ್ಯಾನ ಬರೆದು, ಕೊನೆಯಲ್ಲಿ ಕಲ್ಯಾಣದಂಥ ಪಟ್ಟಣ, ವಿಕ್ರಮನಂಥ ರಾಜ, ವಿಜ್ಞಾನೇಶ್ವರನಂಥ ಪಂಡಿತ ಹಿಂದೆ ಇರಲಿಲ್ಲ, ಮುಂದೆ ಆಗುವುದಿಲ್ಲ ಎಂಬರ್ಥದಲ್ಲಿ ಸಾರಿದ. ಮೊದಲು ಊರಿಗೆ, ಆಮೇಲೆ ಶಾಸಕರಿಗೆ, ಕೊನೆಗೆ ತನಗೆ: ವಂದನಾರ್ಪಣೆಯ ಈ ಕ್ರಮ ಇಂದಿಗೂ ಒಂದಿಂಚು ತಪ್ಪಿಲ್ಲ. ವ್ಯತ್ಯಾಸವೇನೆಂದರೆ, ಅವನು ಹೇಳಿದ ಮೂರರಲ್ಲಿ ಮೂರನೆಯದಾದರೂ ಬಹುಮಟ್ಟಿಗೆ ಸತ್ಯವಾಗಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 6ನೆಯ ಕಲಮಿನಲ್ಲಿ ಮಿತಾಕ್ಷರದ ಹೆಸರು ಈಗಲೂ ಇದೆ. ಅಪ್ಪನ ಹೊಲದಲ್ಲಿ ಪಾಲು ಕೇಳಿ ಕೋರ್ಟಿನ ಕಟ್ಟೆಯ ಮೇಲೆ ಕೂತ ಅಣ್ಣತಮ್ಮಂದಿರಿಗೆ ತಾವು ಬಡಿದಾಡುತ್ತಿರುವುದು ಕಲ್ಯಾಣದ ಲೇಖಕನೊಬ್ಬನ ಪುಸ್ತಕದ ಪ್ರಕಾರ ಎಂಬುದು ಗೊತ್ತಿಲ್ಲ. ಗೊತ್ತಾದರೆ ಅವನಿಗೂ ಒಂದು ನೋಟಿಸು ಹೋಗುತ್ತಿತ್ತು.

ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ಇನ್ನೊಂದು ಹೆಜ್ಜೆ ಮುಂದೆ ಹೋಗಿ ತಾನೇ 'ಮಾನಸೋಲ್ಲಾಸ' ಬರೆದ. ನೂರು ಅಧ್ಯಾಯ, ಆನೆ ಪಳಗಿಸುವುದರಿಂದ ಹಿಡಿದು ಅಡುಗೆಯವರೆಗೆ, ಪಂಡಿತರ ಸಭೆ ನಡೆಸುವುದರಿಂದ ಹಿಡಿದು ಕಥೆ ಕೇಳುವುದರವರೆಗೆ. ನಮ್ಮೂರಿನ ಇತಿಹಾಸದಲ್ಲಿ ಉದ್ಘಾಟಕರು ಸ್ವತಃ ಒಂದು ಪುಸ್ತಕ ಬರೆದಿದ್ದ ಪ್ರಸಂಗವೆಂದರೆ ಇದೊಂದೇ ನೆನಪಾಗುತ್ತದೆ.

ಈಗ ಕೇಳಿ, ಈ ಲೇಖಕರನ್ನೆಲ್ಲ ಪತ್ತೆಹಚ್ಚಿದ್ದು ಎಲ್ಲಿ ಎಂದು. ಬಿಲ್ಹಣನ ಕಾವ್ಯ ಸಿಕ್ಕದ್ದು 1874ರಲ್ಲಿ, ರಾಜಸ್ಥಾನದ ಮರಳುಗಾಡಿನ ಜೈಸಲ್ಮೇರಿನಲ್ಲಿ. ಜಾರ್ಜ್ ಬ್ಯೂಲರ್ ಎಂಬ ಜರ್ಮನ್ ವಿದ್ವಾಂಸ ಅಲ್ಲಿಯ ಜೈನ ಭಂಡಾರದ ತಾಳೆಗರಿಗಳ ನಡುವೆ ಅದನ್ನು ಕಂಡು ನಕಲು ಮಾಡಿಕೊಂಡು ಮರುವರ್ಷ ಮುಂಬಯಿಯಲ್ಲಿ ಅಚ್ಚು ಹಾಕಿಸಿದ. ಮಿತಾಕ್ಷರದ ದಾಯವಿಭಾಗದ ಪ್ರಕರಣವನ್ನು ಕೋಲ್‌ಬ್ರೂಕ್ ಎಂಬ ಇಂಗ್ಲಿಷಿನವನು ಅನುವಾದಿಸಿ 1810ರಲ್ಲಿ ಪ್ರಕಟಿಸಿದ್ದು ಕಲ್ಕತ್ತೆಯಲ್ಲಿ. ಮಾನಸೋಲ್ಲಾಸದ ಮೊದಲ ಸಂಪುಟ 1925ರಲ್ಲಿ ಹೊರಬಂದದ್ದು ಬರೋಡಾದ ಗಾಯಕವಾಡ ಗ್ರಂಥಮಾಲೆಯಲ್ಲಿ. ಇನ್ನು ಕಲ್ಯಾಣದ ಬೀದಿಯಲ್ಲೇ ಹುಟ್ಟಿದ ವಚನಗಳು? ಅವನ್ನು ಮನೆಮನೆಯ ತಾಳೆಗರಿಯಿಂದ ಬಿಡಿಸಿ ತಂದವರು ವಿಜಯಪುರದ ವಕೀಲ ಫ.ಗು. ಹಳಕಟ್ಟಿ. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬಂತು, 1925ರಲ್ಲಿ ಹಿತಚಿಂತಕ ಮುದ್ರಣಾಲಯ, ಮರುವರ್ಷ 'ಶಿವಾನುಭವ' ಪತ್ರಿಕೆ. ಇದಕ್ಕಾಗಿ ವಕೀಲಿ ಬಿಟ್ಟರು, ಇದ್ದ ಮನೆ ಮಾರಿದರು. ಅವರು ಸ್ವಾಗತ ಸಮಿತಿ ಮಾಡಲಿಲ್ಲ, ರಸೀದಿ ಪುಸ್ತಕ ಹೊಡೆಸಲಿಲ್ಲ, ದ್ವಾರ ಕಟ್ಟಿಸಲಿಲ್ಲ.

ಜೈಸಲ್ಮೇರು, ಕಲ್ಕತ್ತೆ, ಬರೋಡಾ, ವಿಜಯಪುರ. ಕಲ್ಯಾಣದ ಲೇಖಕರು ಎಲ್ಲೆಲ್ಲೋ ಸಿಕ್ಕಿದ್ದಾರೆ, ಕಲ್ಯಾಣ ಒಂದನ್ನು ಬಿಟ್ಟು. ಪ್ರತಿಯೊಂದು ಕಡೆಯೂ ಅವರನ್ನು ಕಂಡುಹಿಡಿದವನು ಮಾಡಿದ ಕೆಲಸ ಒಂದೇ: ಕೂತು ಓದಿದ. ನಾವು ಮಾಡದೆ ಉಳಿದಿರುವುದೂ ಅದೊಂದನ್ನೇ.

ಹುಮನಾಬಾದಿನ ತಾಪತ್ರಯ ಬೇರೆ. ಅಲ್ಲಿ ಲೇಖಕರನ್ನು ಯಾವ ಗೋಷ್ಠಿಗೆ ಹಾಕಬೇಕೆಂಬುದೇ ತಿಳಿಯುವುದಿಲ್ಲ. 1817ರಲ್ಲಿ ಬಸವಕಲ್ಯಾಣ ಸೀಮೆಯ ಲಾಡವಂತಿಯಲ್ಲಿ ಹುಟ್ಟಿ, ಮಾಣಿಕನಗರದಲ್ಲಿ ನೆಲೆನಿಂತು, 1865ರಲ್ಲಿ ಸಮಾಧಿಯಾದ ಮಾಣಿಕಪ್ರಭು ಕನ್ನಡ, ಮರಾಠಿ, ಹಿಂದಿ, ಸಂಸ್ಕೃತ ಎಲ್ಲದರಲ್ಲೂ ಪದ ಕಟ್ಟಿದರು. ಎಲ್ಲ ಮತಗಳೂ ತನ್ನವೇ ಎಂದು ಸಕಲಮತ ಸಂಪ್ರದಾಯ ಹಾಕಿಕೊಟ್ಟರು. ಇಂಥವರನ್ನು ಆಹ್ವಾನ ಪತ್ರಿಕೆಯ ಯಾವ ಕಲಮಿಗೆ ಸೇರಿಸುವುದು? ಗಡಿನಾಡ ಗೋಷ್ಠಿಗೆ ಹಾಕಿದರೆ ಮರಾಠಿ ಬಂತೆಂದು ಒಬ್ಬರು ಮುನಿಯುತ್ತಾರೆ. ಭಕ್ತಿಗೋಷ್ಠಿಗೆ ಹಾಕಿದರೆ ಯಾವ ಭಕ್ತಿ ಎಂದು ಇನ್ನೊಬ್ಬರು ಕೇಳುತ್ತಾರೆ. ಅದಕ್ಕೇ ಜಾಣ ಸಮಿತಿಗಳು ಅಂಥವರಿಗೆ ಕೈಮುಗಿದು ದೇವರು ಮಾಡಿ ಗೋಷ್ಠಿಯಿಂದ ಬಿಡುಗಡೆ ಪಡೆಯುತ್ತವೆ. ದೇವರಾದವರನ್ನು ಯಾರೂ ಓದುವುದಿಲ್ಲ.

ಅದೇ ತಾಲ್ಲೂಕಿನ ಮೊಳಕೇರಾದಲ್ಲಿ ಮೋಳಿಗೆ ಮಾರಯ್ಯನ ನೆಲೆಯಿದೆ. ಇವನೂ ಕಾಶ್ಮೀರದವನೇ ಎನ್ನುತ್ತದೆ ಪರಂಪರೆ. ರಾಜನಾಗಿದ್ದವನು ಕಟ್ಟಿಗೆ ಹೊರೆ ಮಾರಿ ಬದುಕಿ ವಚನ ಬರೆದ. ಕಾಶ್ಮೀರದಿಂದ ಬಂದವರಲ್ಲಿ ಒಬ್ಬನಿಗೆ ಆನೆ ಸಿಕ್ಕಿತು, ಇನ್ನೊಬ್ಬನಿಗೆ ಕಟ್ಟಿಗೆ ಹೊರೆ. ಯಾರ ಮಾತು ಊರಿನ ನಾಲಗೆಯ ಮೇಲೆ ಉಳಿಯಿತೆಂದು ನೀವೇ ಹೇಳಿ. ತನ್ನ ಹಳ್ಳಿಯ ಹೆಸರನ್ನೇ ಹೆಸರಿಗೆ ಅಂಟಿಸಿಕೊಂಡು ಬರೆದ ದೇಶಾಂಶ ಹುಡಗಿಯವರಂಥ ಕವಿಗಳ ಸಾಲು ಈ ಕಟ್ಟಿಗೆ ಹೊರೆಯವನ ಕಡೆಯದು.

ಇನ್ನು ಉರ್ದು. ನಮ್ಮಲ್ಲಿ ಕವಿಗೋಷ್ಠಿ ಹಗಲು, ಮುಷಾಯಿರಾ ರಾತ್ರಿ. ಹಗಲಿನವರಿಗೆ ರಾತ್ರಿಯವರ ಹೆಸರು ಗೊತ್ತಿಲ್ಲ, ರಾತ್ರಿಯವರಿಗೆ ಹಗಲಿನವರದು. ಇಬ್ಬರೂ ಒಂದೇ ಹೊಟೇಲಿನಲ್ಲಿ ಚಾ ಕುಡಿಯುತ್ತಾರೆ, ಒಂದೇ ಅಂಗಡಿಯಲ್ಲಿ ಶಾಲು ಕೊಳ್ಳುತ್ತಾರೆ. ಬಹುಭಾಷಾ ಸಾಮರಸ್ಯ ಎಂಬ ವಿಷಯದ ಮೇಲಿನ ಪ್ರಬಂಧವನ್ನು ಕನ್ನಡದ ಪ್ರಾಧ್ಯಾಪಕರು ಕನ್ನಡದವರಿಗೇ ಓದುತ್ತಾರೆ.

ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದೇವರು ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಆ ಕಥೆಯನ್ನು ಪ್ರತಿ ಸಮ್ಮೇಳನದಲ್ಲೂ ಹೇಳುತ್ತೇವೆ, ಚಪ್ಪಾಳೆ ಬೀಳುತ್ತದೆ. ಈಗ ಹೊರಗೆ ಕನ್ನಡದ ಬೋರ್ಡು, ಒಳಗೆ ಇಂಗ್ಲಿಷ್ ಮೀಡಿಯಂ. ಚಪ್ಪಾಳೆ ಹೊಡೆದವರ ಮೊಮ್ಮಕ್ಕಳು ಅಲ್ಲೇ ಓದುತ್ತಿದ್ದಾರೆ. ನಲವತ್ತು ಕವಿಗಳ ಮುಂದಿನ ಓದುಗರು ಎಲ್ಲಿಂದ ಬರಬೇಕೆಂದು ಯಾವ ಗೋಷ್ಠಿಯೂ ಚರ್ಚಿಸಿಲ್ಲ, ಸಮಯದ ಅಭಾವ.

ಓದಿಸುವುದಕ್ಕೆ ದುಡ್ಡಿಲ್ಲ ಎನ್ನಬೇಡಿ. 1965ರ ಗ್ರಂಥಾಲಯ ಕಾಯಿದೆಯ ಪ್ರಕಾರ ನೀವು ಕಟ್ಟುವ ಆಸ್ತಿ ತೆರಿಗೆಯ ಜತೆ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರವೂ ಹೋಗುತ್ತದೆ. ಅಂದರೆ ಕವಿತೆ ಎಂದರೆ ಕಿವಿ ಮುಚ್ಚಿಕೊಳ್ಳುವವನೂ ತನ್ನ ಮನೆಯ ಮೇಲಿನ ತೆರಿಗೆಯಲ್ಲಿ ಕವಿಗೆ ಪಾಲು ಕೊಟ್ಟಿದ್ದಾನೆ. ಊರಿನ ಲೇಖಕನ ಪುಸ್ತಕ ಊರಿನ ಗ್ರಂಥಾಲಯದಲ್ಲಿದೆಯೇ ಎಂದು ಒಮ್ಮೆ ಹೋಗಿ ನೋಡುವುದು ತೆರಿಗೆದಾರನ ಹಕ್ಕು. ನಾವೋ, ನಲ್ಲಿಯಲ್ಲಿ ನೀರು ಬರದಿದ್ದರೆ ನಗರಸಭೆಯ ಮುಂದೆ ಕೊಡ ಇಟ್ಟು ಕೂರುತ್ತೇವೆ. ಪುಸ್ತಕ ಬರದಿದ್ದರೆ ಬರಲಿಲ್ಲವೆಂಬುದೇ ತಿಳಿಯುವುದಿಲ್ಲ. ಲೇಖಕನ ಮಟ್ಟಿಗೆ ಸರ್ಕಾರದ ಸಗಟು ಖರೀದಿಯೇ ಓದುಗ. ಅದು ಆದ ವರ್ಷ ಅವನು ಯಶಸ್ವಿ ಲೇಖಕ, ಆಗದ ವರ್ಷ ಮಂಚದ ಕೆಳಗೆ ಪುಸ್ತಕ ಜೋಡಿಸುವ ಗೃಹಸ್ಥ. ಉಳಿದ ಪ್ರತಿಗಳು ಗೌರವ ಪ್ರತಿಗಳಾಗಿ ಸಹಿ ಸಮೇತ ಹಂಚಿಹೋಗುತ್ತವೆ. ಪುಕ್ಕಟೆ ಸಿಕ್ಕ ಪುಸ್ತಕವನ್ನು ಓದಿದರೆ ಕೊಟ್ಟವರಿಗೆ ಅವಮಾನ ಎಂದು ನಮ್ಮಲ್ಲಿ ನಂಬಿಕೆ.

ಹಾಗಾದರೆ ಬಸವಕಲ್ಯಾಣದಲ್ಲಿ ಓದುಗರುಳ್ಳ ಲೇಖಕನೇ ಇಲ್ಲವೇ? ಇದ್ದಾನೆ. ಇದು ಲಾರಿ ವ್ಯವಹಾರಕ್ಕೆ, ಲಾರಿಗೆ ಬಾಡಿ ಕಟ್ಟುವ ಕೆಲಸಕ್ಕೆ ಹೆಸರಾದ ಊರು. ಗ್ಯಾರೇಜಿನ ಮೂಲೆಯಲ್ಲಿ ಬಣ್ಣದ ಡಬ್ಬಿ ಇಟ್ಟುಕೊಂಡು ಲಾರಿಯ ಹಿಂಬದಿಗೆ ಎರಡು ಸಾಲು ಬರೆಯುವ ಪೇಂಟರನೇ ಆ ಲೇಖಕ. ತಾಯಿಯ ಆಶೀರ್ವಾದ, ಹೊಟ್ಟೆಕಿಚ್ಚಿನವರಿಗೊಂದು ಮಾತು, ಪ್ರೇಮಭಂಗದ ಒಂದು ಶೇರ್; ಕನ್ನಡವಾದರೆ ಕನ್ನಡ, ಹಿಂದಿಯಾದರೆ ಹಿಂದಿ. ಪುಣೆಯಿಂದ ಹೈದರಾಬಾದಿನವರೆಗೆ ಹೆದ್ದಾರಿಯುದ್ದಕ್ಕೂ ಅವನನ್ನು ಓದುತ್ತಾರೆ, ಓವರ್‌ಟೇಕ್ ಮಾಡಲಾಗದೆ ಎರಡೆರಡು ಸಲ ಓದುತ್ತಾರೆ. ಅವನಿಗೆ ಬಿಡುಗಡೆ ಸಮಾರಂಭವಿಲ್ಲ, ಮುನ್ನುಡಿಯಿಲ್ಲ. ಬಣ್ಣ ಒಣಗುವ ಮೊದಲೇ ಕೈಗೆ ರೊಕ್ಕ. ಯಾವ ಸಮ್ಮೇಳನದವರೂ ಅವನನ್ನು ಕರೆದಿಲ್ಲ. ಕರೆದರೂ ಬ್ಯಾನರು ಬರೆಯಲು ಕರೆಯುತ್ತಾರೆ. ಫ್ಲೆಕ್ಸ್ ಬಂದ ಮೇಲೆ ಅದೂ ನಿಂತಿದೆ.

ಕೊನೆಗೆ, ಕಲ್ಯಾಣದ ಶರಣರು ಕೂಡುತ್ತಿದ್ದ ಅನುಭವ ಮಂಟಪ. ಅದರ ಹೆಸರೆತ್ತದೆ ನಮ್ಮಲ್ಲಿ ಮೈಕು ಆನ್ ಆಗುವುದಿಲ್ಲ. ಜಗತ್ತಿನ ಮೊದಲ ಸಂಸತ್ತು ಎನ್ನುತ್ತೇವೆ. ಅಲ್ಲಿ ನಡೆಯುತ್ತಿದ್ದದ್ದೇನೆಂದು 'ಶೂನ್ಯಸಂಪಾದನೆ' ಕಾಣಿಸುವ ಚಿತ್ರವನ್ನಾದರೂ ನೋಡಿ. ಉಡುತಡಿಯಿಂದ ನಡೆದು ಬಂದ ಅಕ್ಕಮಹಾದೇವಿಗೆ ಅಲ್ಲಮ ಹಾರ ಹಾಕಲಿಲ್ಲ; ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದ. ಆಕೆ ಒಂದಕ್ಕೂ ಬಗ್ಗದೆ ಉತ್ತರ ಕೊಟ್ಟಳು. ಆಮೇಲೆ ಒಪ್ಪಿಕೊಂಡರು. ಈಗಿನ ಕವಿಗೋಷ್ಠಿಯಲ್ಲಿ ಯಾರಾದರೂ ಎದ್ದುನಿಂತು "ಈ ಸಾಲು ಯಾಕ ಹಿಂಗ ಬರದೀರಿ?" ಎಂದು ಕೇಳಲಿ, ನೋಡೋಣ. ವೇದಿಕೆಗೆ ಅಗೌರವವೆಂದು ಸ್ವಯಂಸೇವಕರು ತೋಳು ಹಿಡಿದು ಊಟದ ಹಾಲಿಗೆ ಬಿಟ್ಟು ಬರುತ್ತಾರೆ. ಆಯ್ದಕ್ಕಿ ಲಕ್ಕಮ್ಮನ ಗಂಡ ದಿನದ ಪಾಲಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಕೆ ವಾಪಸು ಸುರಿದು ಬಾ ಎಂದು ಕಳಿಸಿದಳಂತೆ. ಆಕೆಯನ್ನು ನಮ್ಮ ಸಮಿತಿಗೆ ಖಜಾಂಚಿ ಮಾಡಿದರೆ ಆಮೇಲೆ ಸಮ್ಮೇಳನವೇ ನಡೆಯಲಿಕ್ಕಿಲ್ಲ. ಅಂದಿನ ಸಭೆಗೆ ಇಂದಿನ ಆಹ್ವಾನ ಪತ್ರಿಕೆ ಅಚ್ಚು ಹಾಕಿಸಿದ್ದರೆ ಘನ ಉಪಸ್ಥಿತಿಯಲ್ಲಿ ಬಿಜ್ಜಳನ ಹೆಸರಿರುತ್ತಿತ್ತು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ವ್ಯವಸ್ಥೆಯ ಉಸ್ತುವಾರಿಯಲ್ಲಿರುತ್ತಿದ್ದರು.

ಆ ಮಂಟಪಕ್ಕೆ ಹೊಸ ಕಟ್ಟಡವೂ ಬರುತ್ತಿದೆ. 2021ರ ಜನವರಿ 6ರಂದು ಅಡಿಗಲ್ಲು ಬಿತ್ತು: 500 ಕೋಟಿ ರೂಪಾಯಿಯ ಯೋಜನೆ ಎಂದರು, 770 ಶರಣರ ನೆನಪಿಗೆ 770 ಕಂಬ ಎಂದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಬಸವಕಲ್ಯಾಣದಲ್ಲಿ ಉಪಚುನಾವಣೆ ನಡೆಯಿತೆಂಬುದು ಕಾಕತಾಳೀಯ. 2024ರ ಜನವರಿಯಲ್ಲಿ ಇನ್ನೊಂದು ಸರ್ಕಾರ ಬಸವಣ್ಣನನ್ನು ನಾಡಿನ ಸಾಂಸ್ಕೃತಿಕ ನಾಯಕನೆಂದು ಘೋಷಿಸಿತು. ಕಚೇರಿ ಕಚೇರಿಗೆ ಭಾವಚಿತ್ರ ಹೋಯಿತು. ಊರಾಚೆ 108 ಅಡಿಯ ಪ್ರತಿಮೆ ಮೊದಲೇ ಇದೆ. ಕಟ್ಟಲಿ, ಬೇಡವೆನ್ನುವವರಾರು? ಆದರೆ ರಾಜ್ಯ ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ 1993ರಲ್ಲೇ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ, ಅಗ್ಗದ ಬೆಲೆಗೆ ಅಚ್ಚು ಹಾಕಿತ್ತು. ಕಂಬಗಳ ಸಂಖ್ಯೆ ಬಾಯಿಪಾಠ ಬರುವವರಲ್ಲಿ ಎಷ್ಟು ಜನ ಆ ಸಂಪುಟಗಳಲ್ಲಿ ಒಂದನ್ನಾದರೂ ಮುಟ್ಟಿದ್ದಾರೆ? ಶರಣರನ್ನು ಓದುವುದಕ್ಕಿಂತ ಸುತ್ತುಹಾಕುವುದು ಸುಲಭ.

ಸಮ್ಮೇಳನವೆಂದ ಮೇಲೆ ಕೊನೆಯಲ್ಲಿ ನಿರ್ಣಯಗಳಿರಬೇಕು. ನನ್ನವೂ ಇವೆ, ಎಲ್ಲ ನಿರ್ಣಯಗಳಂತೆ ಇವನ್ನೂ ಕೈಯೆತ್ತಿ ಅಂಗೀಕರಿಸಿ ಮರೆಯಬಹುದು.

ಒಂದು: ಸನ್ಮಾನಿತರ ಒಂದಾದರೂ ಪುಸ್ತಕವನ್ನು ಪೂರ್ತಿ ಓದಿದವರೇ ಅವರಿಗೆ ಶಾಲು ಹೊದಿಸತಕ್ಕದ್ದು. ಅಂಥವರು ಸಿಗದಿದ್ದಲ್ಲಿ ಶಾಲನ್ನು ಮಡಿಸಿ ಮುಂದಿನ ವರ್ಷಕ್ಕೆ ಇಡತಕ್ಕದ್ದು.

ಎರಡು: ಹಾರ, ಶಾಲು, ಸ್ಮರಣಿಕೆಯ ಅರ್ಧ ಖರ್ಚಿನಲ್ಲಿ ಊರಿನ ಲೇಖಕರ ಪುಸ್ತಕಗಳನ್ನು ರೊಕ್ಕ ಕೊಟ್ಟು ಕೊಂಡು ತಾಲ್ಲೂಕಿನ ಹೈಸ್ಕೂಲುಗಳಿಗೆ ಕೊಡತಕ್ಕದ್ದು.

ಮೂರು: ಕವಿಗೋಷ್ಠಿಯನ್ನು ಉದ್ಘಾಟನೆಗೆ ಮೊದಲು ನಡೆಸತಕ್ಕದ್ದು. ಶಾಸಕರು ಬರುವ ತನಕ ಹೇಗೂ ಎರಡು ತಾಸು ಖಾಲಿ ಇರುತ್ತದೆ. ನಲವತ್ತೂ ಜನ ಮುಗಿಸಬಹುದು, ಹುಗ್ಗಿಗೆ ಕಾಯುವ ಸಭೆಯೂ ಸಿಗುತ್ತದೆ.

ನಾಲ್ಕು: ಮರಾಠಿ, ಉರ್ದು, ಲಂಬಾಣಿಯಲ್ಲಿ ಬರೆಯುವ ಇದೇ ಊರಿನವರು ಅದೇ ವೇದಿಕೆಯ ಮೇಲೆ ಓದತಕ್ಕದ್ದು, ಒಬ್ಬರು ಅಲ್ಲೇ ಕನ್ನಡದಲ್ಲಿ ಹೇಳತಕ್ಕದ್ದು.

ಐದು: ಓದಿದ ಪ್ರತಿಯೊಬ್ಬರಿಗೂ ಸಭೆಯಿಂದ ಕನಿಷ್ಠ ಒಂದು ಪ್ರಶ್ನೆ ಬರತಕ್ಕದ್ದು. ಪ್ರಶ್ನೆಯೇ ಹುಟ್ಟದಿದ್ದರೆ ಅದು ಕವಿಯ ದೋಷವೋ ಸಭೆಯ ದೋಷವೋ ಎಂದು ವಿಚಾರಣೆ ನಡೆಯತಕ್ಕದ್ದು.

ಈ ನಿರ್ಣಯಗಳು ಜಾರಿಗೆ ಬರುವವರೆಗೆ ನೀವು ಕಾಯಬೇಕಾಗಿಲ್ಲ. ಜೈಸಲ್ಮೇರಿಗೆ ಹೋಗುವುದೂ ಬೇಡ. ನಿಮ್ಮ ಊರಲ್ಲಿ ಬರೆಯುವವರೊಬ್ಬರ ಮನೆಯ ಬಾಗಿಲು ತಟ್ಟಿ, ಒಂದು ಪುಸ್ತಕವನ್ನು ಅಚ್ಚಾದ ಬೆಲೆ ಕೊಟ್ಟು ಕೊಳ್ಳಿ. ಪುಕ್ಕಟೆ ಕೊಡಲು ಬಂದರೆ ಬೇಡವೆನ್ನಿ. ಓದಿ. ಚೆನ್ನಾಗಿದ್ದರೆ ಇನ್ನೊಬ್ಬರಿಗೆ ಹೇಳಿ. ಚೆನ್ನಾಗಿಲ್ಲದಿದ್ದರೆ ಬರೆದವರಿಗೇ ಹೋಗಿ ಹೇಳಿ, ಜಗಳವಾದರೂ ಆಗಲಿ. ಓದಿ ಜಗಳ ತೆಗೆಯುವ ಒಬ್ಬ ಓದುಗ ಸಿಕ್ಕಿದರೆ ಬರಹಗಾರನಿಗೆ ಹತ್ತು ಶಾಲಿನಷ್ಟು ಬೆಚ್ಚಗಾಗುತ್ತದೆ.